ಗಣಕವಿದ್ಯೆಗೆ ಸಹಾಯದ್ರವ್ಯ: ಅದರ ಪೂರ್ವಚರಿತ್ರೆಯೂ ಫಲವೂ

ಬಡವರಿಗೆ ವಿದ್ಯೆಯನ್ನು ಮುಟ್ಟಿಸುವ ಕಾರ್ಯವನ್ನು ಸರ್ಕಾರವು ತಾನೇ ಕೈಗೊಳ್ಳದೆ, ಲಾಭಾಪೇಕ್ಷೆಯಿಲ್ಲದ ಸಂಘಗಳಿಗೆ ಬೊಕ್ಕಸದಿಂದ ಹಣವನ್ನು ಕೊಟ್ಟು ಅವುಗಳ ಮೂಲಕ ನಡೆಯಿಸುವ ಪದ್ಧತಿಯು ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದು. ಈ ಹಣವನ್ನು ಹಿಂದಿನವರು ಸಹಾಯದ್ರವ್ಯವೆಂದರು. ಈಗ ಅನುದಾನವೆಂಬ ಮಾತು ಬಳಕೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಓದು, ಬರಹ, ಲೆಕ್ಕಗಳ ವಿಷಯದಲ್ಲಿ ನಡೆದ ಪ್ರಯೋಗವೇ ಇಪ್ಪತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಕಂಪ್ಯೂಟರು ಮತ್ತು ಇಂಟರ್ನೆಟ್ಟುಗಳ ಬಳಕೆಯ ವಿಷಯದಲ್ಲಿ ಇನ್ನೊಮ್ಮೆ ನಡೆದಿದೆ. ಕಲಿಸುವ ವಿದ್ಯೆಯು ಹೊಸದಾದರೂ ಹಣ ಕೊಡುವ ಕ್ರಮಗಳು ಹಳೆಯವೇ ಆಗಿವೆ. ಅವುಗಳ ಗುಣದೋಷಗಳೂ ಬಹುಮಟ್ಟಿಗೆ ಹಳೆಯವೇ.

ಸಹಾಯದ್ರವ್ಯವನ್ನು ಕೊಡುವವರು ಅದು ಸದ್ವಿನಿಯೋಗವಾಯಿತೇ ಎಂಬುದನ್ನು ತಿಳಿಯಲು ಏನನ್ನಾದರೂ ಎಣಿಸಲೇಬೇಕು. ಹೀಗೆ ಎಣಿಸುವುದರಲ್ಲಿ ಮೂರು ಕ್ರಮಗಳು ಕಂಡುಬರುತ್ತವೆ. ಸಂಘವು ತಾನಾಗಿ ಕೂಡಿಸಿದ ಹಣವನ್ನು ಎಣಿಸಿ ಅದಕ್ಕೆ ಸಮನಾಗಿ ಕೊಡುವುದು ಮೊದಲನೆಯದು. ಇದನ್ನು ಸಮಪಾಲಿನ ಕ್ರಮವೆನ್ನಬಹುದು. ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ತಲೆಯೆಣಿಸಿ ಕೊಡುವುದು ಎರಡನೆಯದು. ಇದು ಫಲಾನುಸಾರವಾದ ಕ್ರಮ. ಕಲಿಸುವ ಸ್ಥಳವು ತೆರೆದಿರುವಂತೆ ನೋಡಿಕೊಂಡು ಅದರ ವೆಚ್ಚವನ್ನು ನಡೆಯಿಸುವುದು ಮೂರನೆಯದು. ಇದು ನಿರ್ವಹಣೆಯ ಕ್ರಮ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೆ ಯಾರು ಕಲಿಯುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ಚರಿತ್ರೆಯ ಆಧಾರದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

೧. ಇಂಗ್ಲೆಂಡಿನ ಪ್ರಯೋಗ

೧೮೩೩ನೆಯ ಇಸವಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬಡ ಮಕ್ಕಳ ಪಾಠಶಾಲೆಗಳ ಕಟ್ಟಡಗಳಿಗಾಗಿ ೨೦,೦೦೦ ಪೌಂಡುಗಳನ್ನು ಮಂಜೂರು ಮಾಡಿತು. ವಿದ್ಯೆಗಾಗಿ ಆ ದೇಶದ ಬೊಕ್ಕಸದಿಂದ ಸಂಘಗಳಿಗೆ ಸಂದ ಮೊದಲನೆಯ ಸಹಾಯದ್ರವ್ಯವಿದು. ಹಣವು ಎರಡು ಸಂಘಗಳ ಮೂಲಕ ವಿನಿಯೋಗವಾಯಿತು: ಇಂಗ್ಲೆಂಡಿನ ಚರ್ಚಿಗೆ ಸೇರಿದ ನ್ಯಾಷನಲ್ ಸೊಸೈಟಿಯು ಒಂದು, ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿಯು ಇನ್ನೊಂದು. ಕಟ್ಟಡದ ವೆಚ್ಚದಲ್ಲಿ ಅರ್ಧವನ್ನು ಊರಿನವರು ಚಂದಾಹಣದಿಂದ ಕೂಡಿಸಬೇಕೆಂಬುದು ನಿಬಂಧನೆ. ಹೀಗೆ ಸಮಪಾಲಿನ ಕ್ರಮವು ಮೊದಲು ಬಂದಿತು.

ಈ ನಿಬಂಧನೆಯಲ್ಲಿ ನ್ಯಾಯವಿದ್ದಂತೆ ತೋರುತ್ತದೆ. ತನ್ನ ಕೈಯಿಂದ ಅರ್ಧವನ್ನು ಹಾಕಿದವನು ಉಳಿದರ್ಧವನ್ನು ಪೋಲುಮಾಡಲಾರನು. ಸರ್ಕಾರಕ್ಕೂ ಅರ್ಧ ಖರ್ಚಿನಲ್ಲಿ ಇಡಿಯ ಶಾಲೆಯು ದೊರೆಯುತ್ತದೆ. ಆದರೆ ಚಂದಾ ಕೊಡುವ ಸಿರಿವಂತರಿದ್ದ ಊರುಗಳಿಗೆ ಸಹಾಯವು ಸಲೀಸಾಗಿ ದೊರೆಯಿತು. ಕೂಲಿಕಾರರೇ ತುಂಬಿದ್ದ ಕೇರಿಗಳವರು ಅರ್ಧವನ್ನು ಕೂಡಿಸಲಾರದೆ ಉಳಿದರ್ಧವನ್ನೂ ಕಳೆದುಕೊಂಡರು. ಯಾರಿಗೆ ಅತ್ಯಂತ ಅಗತ್ಯವೋ ಅವರಿಗೇ ಅತ್ಯಂತ ದುರ್ಲಭವೆಂಬ ಈ ವೈಪರೀತ್ಯವನ್ನು ಆ ಕಾಲದವರೇ ಕಂಡುಕೊಂಡಿದ್ದರು.

೧೮೩೯ರಲ್ಲಿ ಪ್ರಿವಿ ಕೌನ್ಸಿಲಿನ ವಿದ್ಯಾಸಮಿತಿಯು ಸ್ಥಾಪಿತವಾಗಿ, ಶಾಲೆಗಳ ತನಿಖೆಗೆ ಇನ್‌ಸ್ಪೆಕ್ಟರುಗಳು ನೇಮಕವಾದರು. ಸಹಾಯದ್ರವ್ಯವು ವರ್ಷದಿಂದ ವರ್ಷಕ್ಕೆ ಬೆಳೆದು ೧೮೬೧ರಲ್ಲಿ ಎಂಟು ಲಕ್ಷ ಪೌಂಡುಗಳನ್ನು ಮೀರಿತು. ಇಷ್ಟು ಹಣಕ್ಕೆ ಫಲವೇನೆಂಬ ಪ್ರಶ್ನೆಯು ಎದ್ದುದು ಸಹಜವೇ. ನ್ಯೂಕಾಸಲ್ ಡ್ಯೂಕನ ಅಧ್ಯಕ್ಷತೆಯ ಆಯೋಗವು ೧೮೫೮ರಿಂದ ವಿಚಾರಣೆ ನಡೆಯಿಸಿ ೧೮೬೧ರಲ್ಲಿ ವರದಿಯನ್ನೊಪ್ಪಿಸಿತು. ಅದರ ತರುವಾಯ ವಿದ್ಯಾಸಮಿತಿಯ ಉಪಾಧ್ಯಕ್ಷನಾಗಿದ್ದ ರಾಬರ್ಟ್ ಲೋ ಎಂಬವನು ೧೮೬೨ರಲ್ಲಿ ಹೊಸ ನಿಯಮಾವಳಿಯನ್ನು ಜಾರಿಗೆ ತಂದನು.

ಈ ನಿಯಮಾವಳಿಯ ಲೆಕ್ಕವು ಗಮನಾರ್ಹವಾಗಿದೆ. ಸರಾಸರಿ ಹಾಜರಿಯ ಮೇಲೆ ಮಗುವೊಂದಕ್ಕೆ ನಾಲ್ಕು ಷಿಲಿಂಗು. ಆರು ವರ್ಷ ಮೀರಿದ, ನಿಯಮಿತ ಹಾಜರಿಯುಳ್ಳ ಮಗುವನ್ನು ಇನ್‌ಸ್ಪೆಕ್ಟರನು ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸಬೇಕು. ಮೂರರಲ್ಲಿಯೂ ತೇರ್ಗಡೆಯಾದರೆ ಇನ್ನೂ ಎಂಟು ಷಿಲಿಂಗು. ಒಂದೊಂದು ವಿಷಯದಲ್ಲಿ ತಪ್ಪಿದರೂ ಎರಡು ಷಿಲಿಂಗು ಎಂಟು ಪೆನ್ಸು ಖೋತಾ. ಇದೇ ಫಲಾನುಸಾರವಾದ ಕ್ರಮ. ೧೮೬೫ರ ಹೊತ್ತಿಗೆ ಸಹಾಯದ್ರವ್ಯದ ಮೊತ್ತವು ಸುಮಾರು ಆರು ಲಕ್ಷ ಮೂವತ್ತೇಳು ಸಾವಿರ ಪೌಂಡುಗಳಿಗೆ ಇಳಿಯಿತು. ಬೊಕ್ಕಸದ ದೃಷ್ಟಿಯಿಂದ ನಿಯಮಾವಳಿಯು ಸಫಲವಾಯಿತೆಂದೇ ಹೇಳಬೇಕು.

ಶಾಲೆಯ ಒಳಗೆ ಆದ ಪರಿಣಾಮವು ಬೇರೆ. ಪರೀಕ್ಷೆಗೆ ಗೊತ್ತಾದ ಓದುವ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡಿದರು. ಪರೀಕ್ಷೆಯಿಲ್ಲದ ಚರಿತ್ರೆ, ಭೂಗೋಳಗಳು ಹಿಂದೆ ಸರಿದವು. ಉಪಾಧ್ಯಾಯರು ತೇರ್ಗಡೆಯ ಗಡಿಯಲ್ಲಿದ್ದ ಮಕ್ಕಳ ಮೇಲೆ ಶ್ರಮವನ್ನೆಲ್ಲ ಹಾಕಿದರು. ಚುರುಕಾದವರಿಗೆ ಹೆಚ್ಚು ಕಲಿಸಿದರೂ, ತೀರ ಹಿಂದುಳಿದವರಿಗೆ ಸ್ವಲ್ಪ ಕಲಿಸಿದರೂ ಹಣವು ಬರುವಂತಿರಲಿಲ್ಲ. ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಲ್ಡನು ಆಗ ಶಾಲಾ ಇನ್‌ಸ್ಪೆಕ್ಟರನಾಗಿದ್ದನು. ಬೋಧನೆಯು ಯಾಂತ್ರಿಕವಾಗುತ್ತಿದೆಯೆಂದು ಅವನು ತನ್ನ ಅಧಿಕೃತ ವರದಿಗಳಲ್ಲಿಯೇ ಆಕ್ಷೇಪಿಸಿದನು. ಆದರೂ ಈ ಕ್ರಮವು ಬಹುಕಾಲ ನಡೆದು, ೧೮೯೦ರ ತರುವಾಯವೇ ಕ್ರಮಕ್ರಮವಾಗಿ ಕೊನೆಗೊಂಡಿತು.

ಇದರ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಮರೆಯಬಾರದು. ಸಂಘಗಳ ಶಾಲೆಗಳು ತಲಪದ ಪ್ರದೇಶಗಳಲ್ಲಿ ಚುನಾಯಿತವಾದ ಸ್ಕೂಲ್ ಬೋರ್ಡುಗಳು ಸ್ಥಳೀಯ ತೆರಿಗೆಯ ಬೆಂಬಲದಿಂದ ಶಾಲೆಗಳನ್ನು ನಡೆಯಿಸಬೇಕೆಂದು ೧೮೭೦ನೆಯ ವಿದ್ಯಾಕಾಯಿದೆಯು ವಿಧಿಸಿತು. ಸಮಪಾಲಿನ ಕ್ರಮವು ಬಿಟ್ಟುಹೋದ ತೆರಪನ್ನು ತುಂಬಿದುದು ಹೆಚ್ಚಿನ ಸಹಾಯದ್ರವ್ಯವಲ್ಲ. ಸ್ಥಳದಲ್ಲಿಯೇ ಎತ್ತುವ ಸ್ಥಿರವಾದ ತೆರಿಗೆ.

೨. ಮದ್ರಾಸು ಆಧಿಪತ್ಯದಲ್ಲಿ

ಇಂಗ್ಲೆಂಡಿನ ಈ ಕ್ರಮಗಳು ಹಿಂದೂದೇಶಕ್ಕೂ ಬಂದವು. ೧೮೫೪ನೆಯ ಜುಲೈ ತಿಂಗಳಿನ ಸರ್ ಚಾರ್ಲ್ಸ್ ವುಡ್ಡನ ಪತ್ರವು ಖಾಸಗಿ ಸಂಘಗಳ ಶಾಲೆಗಳಿಗೆ ಮತಭೇದವಿಲ್ಲದೆ ಸಹಾಯದ್ರವ್ಯವನ್ನು ಕೊಡಬೇಕೆಂದು ಸೂಚಿಸಿತು. ಮದ್ರಾಸು ಆಧಿಪತ್ಯದಲ್ಲಿ ೧೮೬೦ರ ದಶಕದಿಂದ ಫಲಾನುಸಾರವಾದ ಕ್ರಮವು ಪ್ರಾಥಮಿಕ ಶಾಲೆಗಳಲ್ಲಿ ಬಲವಾಗಿ ಬೇರೂರಿತು. ಬಾಸೆಲ್ ಮಿಷನ್ನು ೧೮೩೪ರಿಂದ ನೆಲೆಸಿದ್ದ ಮಂಗಳೂರನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯೂ ಬಳ್ಳಾರಿ ಜಿಲ್ಲೆಯೂ ಆಗ ಈ ಆಧಿಪತ್ಯಕ್ಕೆ ಸೇರಿದ್ದುದರಿಂದ, ಕನ್ನಡ ನಾಡಿನ ಈ ಭಾಗಗಳು ಆ ನಿಯಮಗಳ ವ್ಯಾಪ್ತಿಗೆ ಒಳಪಟ್ಟಿದ್ದವು.

ಈ ಕ್ರಮದಿಂದ ಒಂದು ಉಪಕಾರವೂ ಆಯಿತೆಂಬುದನ್ನು ಒಪ್ಪಬೇಕು. ಹಳ್ಳಿಯ ಜಗಲಿಯ ಮೇಲೆ ಐಗಳು ನಡೆಯಿಸುತ್ತಿದ್ದ ಮಠಕ್ಕೆ ಕಟ್ಟಡವಾಗಲಿ ಮೂಲಧನವಾಗಲಿ ಇರಲಿಲ್ಲ. ಆದರೂ ಅವರ ಹುಡುಗರು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅವರಿಗೂ ಹಣ ದೊರೆಯುವ ದಾರಿಯು ತೆರೆಯಿತು. ಸಮಪಾಲಿನ ಕ್ರಮದಲ್ಲಿ ಈ ಅವಕಾಶವಿಲ್ಲ. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳ ಮಟ್ಟಿಗೆ ಫಲಾನುಸಾರವಾದ ಕ್ರಮವನ್ನೇ ಎತ್ತಿಹಿಡಿಯಲು ಇಂತಹ ವಿಚಾರಗಳೇ ಆಧಾರವಾಗಿರಬಹುದು. ಆದರೆ ಇಂಗ್ಲೆಂಡಿನಲ್ಲಿ ಕಂಡ ದೋಷಗಳು ಇಲ್ಲಿಯೂ ಕಂಡುಬಂದವು. ಬಡ ಉಪಾಧ್ಯಾಯನ ವರಮಾನವು ಒಂದು ದಿನದ ಪರೀಕ್ಷೆಗೆ ಕಟ್ಟುಬಿದ್ದಿತು. ಆ ಸಮಯದಲ್ಲಿ ಊರಿಗೆ ಜ್ವರ ಬಂದರೂ, ಸುಗ್ಗಿಯ ಕೆಲಸಕ್ಕೆ ಮಕ್ಕಳು ಹೋದರೂ ನಷ್ಟವು ಅವನದೇ ಆಗುವಂತಿತ್ತು. ಕರ್ಜನ್ ಪ್ರಭುವಿನ ಕಾಲದ ೧೯೦೪ನೆಯ ವಿದ್ಯಾನೀತಿಯ ನಿರ್ಣಯದ ಬಳಿಕ ಈ ಕ್ರಮವನ್ನು ಕೈಬಿಡಲಾಯಿತು.

೩. ಅಮೆರಿಕದ ಗಣಕಕೇಂದ್ರಗಳು

ಓದುಬರಹದ ಮಟ್ಟಿಗೆ ಈ ಚರ್ಚೆಯು ಮುಗಿದು ಮುಕ್ಕಾಲು ಶತಮಾನ ಕಳೆಯಿತು. ಅಷ್ಟರಲ್ಲಿ ಕಂಪ್ಯೂಟರು ಕಚೇರಿಗಳಿಗೂ ಉಳ್ಳವರ ಮನೆಗಳಿಗೂ ಪ್ರವೇಶಿಸಿ, ಅದನ್ನರಿಯದವನು ಉದ್ಯೋಗಕ್ಕೆ ಅನರ್ಹನಾಗುವ ಕಾಲವು ಸಮೀಪಿಸಿತು. ಇದನ್ನು ಮೊದಲು ಮನಗಂಡವರಲ್ಲಿ ನ್ಯೂಯಾರ್ಕಿನ ಗಣಿತದ ಉಪಾಧ್ಯಾಯಿನಿಯಾದ ಆಂಟೋನಿಯಾ ಸ್ಟೋನ್ ಎಂಬಾಕೆಯು ಒಬ್ಬಳು. ಆಕೆಯು ೧೯೮೦ರಲ್ಲಿ ಪ್ಲೇಯಿಂಗ್ ಟು ವಿನ್ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯನ್ನು ಸ್ಥಾಪಿಸಿ, ೧೯೮೩ರಲ್ಲಿ ಪೂರ್ವ ಹಾರ್ಲೆಮಿನ ಬಡವರ ವಸತಿಗೃಹವೊಂದರ ನೆಲಮಾಳಿಗೆಯಲ್ಲಿ ಕಂಪ್ಯೂಟರ್ ಕೇಂದ್ರವನ್ನು ತೆರೆದಳು. ಕೇರಿಯವರು ಯಾರು ಬೇಕಾದರೂ ಬಂದು ಯಂತ್ರದ ಮುಂದೆ ಕುಳಿತು ತಮಗೆ ಬೇಕಾದುದನ್ನು ಕಲಿಯಬಹುದಾಗಿತ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ೧೯೯೦ರಲ್ಲಿ ಕೊಟ್ಟ ಸಹಾಯದ್ರವ್ಯದಿಂದ ಇಂತಹ ಇತರ ಕೇಂದ್ರಗಳಿಗೂ ಬೆಂಬಲವು ದೊರೆತು, ಆ ದಶಕದಲ್ಲಿಯೇ ಅವುಗಳ ಒಕ್ಕೂಟವೊಂದು ದೇಶವ್ಯಾಪಿಯಾಗಿ ಬೆಳೆಯಿತು.

೧೯೯೪ರಲ್ಲಿ ಅಮೆರಿಕದ ವಾಣಿಜ್ಯ ಇಲಾಖೆಯು ಸಂಘಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ದೂರಸಂಪರ್ಕ ಮತ್ತು ಗಣಕಗಳ ಬಳಕೆಗಾಗಿ ಸಹಾಯದ್ರವ್ಯವನ್ನು ಕೊಡಲಾರಂಭಿಸಿತು. ಇದು ಸಮಪಾಲಿನ ಕ್ರಮ: ಸಾಮಾನ್ಯವಾಗಿ ವೆಚ್ಚದ ಅರ್ಧವನ್ನು ಸಂಘವೇ ಕೂಡಿಸಬೇಕು. ೨೦೦೪ರವರೆಗೆ ೬೧೦ ಸಹಾಯದ್ರವ್ಯಗಳಾಗಿ ಸುಮಾರು ೨೩ ಕೋಟಿ ೩೫ ಲಕ್ಷ ಡಾಲರು ವಿನಿಯೋಗವಾಯಿತು. ಇದಕ್ಕೆ ಸ್ಥಳೀಯರು ಕೂಡಿಸಿದುದು ೩೧ ಕೋಟಿ ಡಾಲರಿಗಿಂತ ಹೆಚ್ಚು. ೧೮೩೩ರ ನಿಬಂಧನೆಯ ಗುಣವೂ ದೋಷವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಸರ್ಕಾರದ ಒಂದು ಡಾಲರಿಗೆ ಜನರಿಂದ ಒಂದಕ್ಕಿಂತ ಹೆಚ್ಚು ಡಾಲರು ಬಂದಿತು. ಆದರೆ ಆ ಒಂದನ್ನು ಕೂಡಿಸಲಾರದ ಸಂಘವು ಅರ್ಜಿಯನ್ನೇ ಹಾಕುವಂತಿರಲಿಲ್ಲ.

ಈ ದೋಷವನ್ನು ಶಾಸನಕರ್ತರು ಅರಿತಿದ್ದರೆಂಬುದಕ್ಕೆ ಮುಂದಿನ ಕಾಯಿದೆಗಳೇ ಸಾಕ್ಷಿ. ೨೦೦೯ನೆಯ ಆರ್ಥಿಕ ಪುನರುಜ್ಜೀವನ ಕಾಯಿದೆಯು ಸಾರ್ವಜನಿಕ ಕಂಪ್ಯೂಟರ್ ಕೇಂದ್ರಗಳಿಗೆ ಕನಿಷ್ಠ ೨೦ ಕೋಟಿ ಡಾಲರನ್ನೂ, ಜನರಿಗೆ ಇಂಟರ್ನೆಟ್ಟಿನ ಬಳಕೆಯನ್ನು ರೂಢಿಮಾಡಿಸುವ ಕಾರ್ಯಕ್ಕೆ ಕನಿಷ್ಠ ೨೫ ಕೋಟಿ ಡಾಲರನ್ನೂ ತೆಗೆದಿರಿಸಿ, ಸರ್ಕಾರದ ಪಾಲನ್ನು ನೂರಕ್ಕೆ ಎಂಬತ್ತರವರೆಗೆ ಏರಿಸಿತು. ೨೦೨೧ರ ನವೆಂಬರಿನಲ್ಲಿ ಅಂಗೀಕೃತವಾದ ಡಿಜಿಟಲ್ ಸಮಾನತಾ ಕಾಯಿದೆಯು ೨೭೫ ಕೋಟಿ ಡಾಲರನ್ನು ಗೊತ್ತುಮಾಡಿತು. ಅರವತ್ತು ವರ್ಷ ದಾಟಿದವರು, ಅಂಗವಿಕಲರು, ಬಡ ಕುಟುಂಬದವರು, ಹಳ್ಳಿಗರು, ಇಂಗ್ಲಿಷ್ ಬಾರದವರು ಮುಂತಾಗಿ ಯಾರನ್ನು ತಲಪಬೇಕೆಂಬುದನ್ನು ಈ ಕಾಯಿದೆಯೇ ಹೆಸರಿಸಿತು.

ಆದರೆ ಪಾಲಿನ ತೊಡಕು ಸಡಿಲವಾದಷ್ಟೂ ಇನ್ನೊಂದು ತೊಡಕು ಸ್ಪಷ್ಟವಾಯಿತು. ಸಹಾಯದ್ರವ್ಯಕ್ಕೆ ಅವಧಿಯುಂಟು, ಕೇಂದ್ರದ ಬಾಡಿಗೆಗೂ ಬೋಧಕನ ಸಂಬಳಕ್ಕೂ ಅವಧಿಯಿಲ್ಲ. ೧೯೯೪ರ ಯೋಜನೆಗೆ ೨೦೦೫ನೆಯ ಆರ್ಥಿಕ ವರ್ಷದಲ್ಲಿ ಹಣವು ದೊರೆಯಲಿಲ್ಲ. ೨೦೦೯ರದು ಒಂದು ಸಲದ ವೆಚ್ಚ. ೨೦೨೧ರ ಕಾಯಿದೆಯ ಸಹಾಯದ್ರವ್ಯಗಳನ್ನು ೨೦೨೫ನೆಯ ಮೇ ತಿಂಗಳಲ್ಲಿ ಅಮೆರಿಕದ ಆಡಳಿತವು ರದ್ದುಗೊಳಿಸಿತು. ಅದೇ ವರ್ಷದ ಜನವರಿಯಲ್ಲಿ ಸಹಾಯಕ್ಕೆ ಆಯ್ಕೆಯಾಗಿದ್ದ ಸಂಘಗಳು ಹಣದ ನಿರೀಕ್ಷೆಯಲ್ಲಿದ್ದಂತೆಯೇ ಯೋಜನೆಯು ನಿಂತಿತು. ವಿಷಯವು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಮೂವತ್ತು ವರ್ಷಗಳಲ್ಲಿ ಮೂರು ಸಲ ಆರಂಭ, ಮೂರು ಸಲ ಮುಕ್ತಾಯ.

೪. ಪುದುಚೇರಿಯ ಹಳ್ಳಿಗಳು

ಭಾರತದಲ್ಲಿ ಹಳ್ಳಿಯ ಜನರಿಗೆ ಗಣಕದ ಪ್ರಯೋಜನವನ್ನು ಮುಟ್ಟಿಸಲು ನಡೆದ ಮೊದಮೊದಲಿನ ಯತ್ನಗಳಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನದ್ದು ಗಣ್ಯವಾದುದು. ಕೆನಡಾ ದೇಶದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನ ಕೇಂದ್ರದ ಸಹಾಯದ್ರವ್ಯದಿಂದ ೧೯೯೮ರಲ್ಲಿ ಪುದುಚೇರಿಯ ವಿಲ್ಲಿಯನೂರಿನಲ್ಲಿ ಮೂಲಕೇಂದ್ರವೂ, ಸುತ್ತಲ ಹಳ್ಳಿಗಳಲ್ಲಿ ಶಾಖೆಗಳೂ ತೆರೆದವು. ದೂರವಾಣಿಯು ಸರಿಯಾಗಿಲ್ಲದ ಕಡೆ ನಿಸ್ತಂತು ರೇಡಿಯೋ ಮೂಲಕ ಸಮಾಚಾರವನ್ನು ಕಳುಹಿಸಲಾಗುತ್ತಿತ್ತು.

ಇಲ್ಲಿಯೂ ಊರಿನವರ ಪಾಲು ಇದ್ದಿತು. ಆದರೆ ಅದು ಹಣವಲ್ಲ. ಸಾರ್ವಜನಿಕವಾದ ಸ್ಥಳವನ್ನೂ ಕೆಲಸಮಾಡುವ ಸ್ವಯಂಸೇವಕರನ್ನೂ ಊರು ಒದಗಿಸಬೇಕು, ಜಾತಿಭೇದವಿಲ್ಲದೆ ಎಲ್ಲರಿಗೂ ಬಾಗಿಲು ತೆರೆದಿರಬೇಕು ಎಂಬುದೇ ನಿಬಂಧನೆ. ಸ್ವಯಂಸೇವಕರಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ಬೆಸ್ತರ ಹಳ್ಳಿಯಾದ ವೀರಾಂಪಟ್ಟಿಣದಲ್ಲಿ ಅಮೆರಿಕದ ನೌಕಾಪಡೆಯ ಅಂತರ್ಜಾಲ ತಾಣದಿಂದ ಕಡಲಿನ ಅಲೆಗಳ ಎತ್ತರದ ಮುನ್ಸೂಚನೆಯನ್ನು ಪಡೆದು, ಅದನ್ನು ಧ್ವನಿವರ್ಧಕದ ಮೂಲಕ ಊರಿಗೆಲ್ಲ ಸಾರುತ್ತಿದ್ದರು. ಹೀಗೆ ಸ್ವತಃ ಗಣಕವನ್ನು ಮುಟ್ಟದವನಿಗೂ ಅದರ ಫಲವು ದೊರೆಯಿತು. ತೇರ್ಗಡೆಯಾದವರನ್ನು ಎಣಿಸುವ ಲೆಕ್ಕದಲ್ಲಿ ಇಂತಹ ಫಲಕ್ಕೆ ಕಲಮೇ ಇಲ್ಲ. ನಿರ್ವಹಣೆಯ ಕ್ರಮದ ಗುಣವನ್ನು ಈ ನಿದರ್ಶನವು ತೋರಿಸುತ್ತದೆ. ಅದರ ಮಿತಿಯನ್ನೂ ತೋರಿಸುತ್ತದೆ. ಕೆಲವು ಹಳ್ಳಿಗಳಲ್ಲಿ ಸಾಧ್ಯವಾದುದನ್ನು ದೇಶದ ಲಕ್ಷಾಂತರ ಹಳ್ಳಿಗಳಿಗೆ ಹಬ್ಬಿಸಲು ಪರದೇಶದ ಸಹಾಯದ್ರವ್ಯವು ಸಾಲದು.

೫. ತಲೆಗೆ ಮುನ್ನೂರು ರೂಪಾಯಿ

ದೇಶವ್ಯಾಪಿಯಾದ ಕಾರ್ಯವನ್ನು ಭಾರತ ಸರ್ಕಾರವು ೨೦೧೪ರಲ್ಲಿ ರಾಷ್ಟ್ರೀಯ ಡಿಜಿಟಲ್ ಸಾಕ್ಷರತಾ ಯೋಜನೆಯಿಂದ ಆರಂಭಿಸಿತು. ೨೦೧೭ನೆಯ ಫೆಬ್ರವರಿಯಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಹಳ್ಳಿಗಳ ಮನೆಗಳಲ್ಲಿ ಕಂಪ್ಯೂಟರುಳ್ಳವು ನೂರಕ್ಕೆ ಆರು ಮಾತ್ರವೆಂದು ೨೦೧೪ರ ರಾಷ್ಟ್ರೀಯ ಮಾದರಿ ಸಮೀಕ್ಷೆಯು ತಿಳಿಸಿದ್ದುದೇ ಇದಕ್ಕೆ ಪೀಠಿಕೆ. ಮನೆಗೊಬ್ಬರಂತೆ, ಹದಿನಾಲ್ಕರಿಂದ ಅರವತ್ತು ವರ್ಷದೊಳಗಿನ ಆರು ಕೋಟಿ ಜನರಿಗೆ ಕಲಿಸಬೇಕೆಂಬುದು ಗುರಿ, ೨,೩೫೧.೩೮ ಕೋಟಿ ರೂಪಾಯಿ ವೆಚ್ಚದ ಅಂದಾಜು. ಯಂತ್ರವನ್ನು ನಡೆಯಿಸುವುದು, ಇಂಟರ್ನೆಟ್ಟಿನಲ್ಲಿ ಬೇಕಾದುದನ್ನು ಹುಡುಕುವುದು, ಪತ್ರ ಕಳುಹಿಸುವುದು, ಸರ್ಕಾರದ ಸೇವೆಗಳನ್ನು ಪಡೆಯುವುದು, ಹಣ ಪಾವತಿಮಾಡುವುದು, ಇವು ಇಪ್ಪತ್ತು ಗಂಟೆಗಳ ಪಾಠಕ್ರಮ. ಸ್ವಯಂಸೇವಾ ಸಂಸ್ಥೆಗಳೂ ಕಂಪೆನಿಗಳೂ ಸಾಮಾನ್ಯ ಸೇವಾಕೇಂದ್ರಗಳೂ ಕಲಿಸುವ ಹೊಣೆಯನ್ನು ವಹಿಸಿಕೊಳ್ಳಬಹುದಾಗಿತ್ತು. ಕಲಿಯುವವನಿಗೆ ಖರ್ಚಿಲ್ಲ. ಅವನು ಬೇರೊಂದು ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆದ ಮೇಲೆ ಕಲಿಸಿದ ಸಂಸ್ಥೆಗೆ ತಲೆಗೆ ೩೦೦ ರೂಪಾಯಿ ಸಲ್ಲುವುದು.

೧೮೬೨ರ ಎಂಟು ಷಿಲಿಂಗಿನ ಲೆಕ್ಕವೇ ಇಲ್ಲಿ ರೂಪಾಯಿಯಲ್ಲಿ ಮರಳಿ ಬಂದಿದೆಯೆಂಬುದು ಸ್ಪಷ್ಟ. ವ್ಯತ್ಯಾಸವೇನೆಂದರೆ, ಲೋ ಎಂಬವನು ಹಾಜರಿಗೆಂದು ನಾಲ್ಕು ಷಿಲಿಂಗನ್ನಾದರೂ ಬೇರೆಯಾಗಿ ಇರಿಸಿದ್ದನು. ತಲೆಗೆ ಮುನ್ನೂರು ರೂಪಾಯಿಯ ಈ ನಿಯಮದಲ್ಲಿ ಅದೂ ಇಲ್ಲ.

ಫಲವನ್ನು ನೋಡಿದರೆ ವಿಸ್ತಾರವು ಅದ್ಭುತವೇ ಸರಿ. ೨೦೧೯ರ ಮಾರ್ಚಿಗೆ ಮುಗಿಯಬೇಕಾಗಿದ್ದ ಯೋಜನೆಯು ಮುಂದುವರಿದು ೨೦೨೪ನೆಯ ಮಾರ್ಚಿ ೩೧ರಂದು ಕೊನೆಗೊಂಡಾಗ, ಹೆಸರು ನೋಂದಾಯಿಸಿದವರು ಸುಮಾರು ೭.೩೫ ಕೋಟಿ, ಕಲಿಕೆಯನ್ನು ಮುಗಿಸಿದವರು ೬.೩೯ ಕೋಟಿ, ಪ್ರಮಾಣಪತ್ರ ಪಡೆದವರು ೪.೭೭ ಕೋಟಿ. ಗುರಿಯಾದ ಆರು ಕೋಟಿಯನ್ನು ಕಲಿತವರ ಸಂಖ್ಯೆಯು ಮೀರಿತು. ಇಷ್ಟು ಜನರನ್ನು ಏಳು ವರ್ಷಗಳಲ್ಲಿ ತಲಪುವುದು ನಿರ್ವಹಣೆಯ ಕ್ರಮದಿಂದಾಗಲಿ ಸಮಪಾಲಿನ ಕ್ರಮದಿಂದಾಗಲಿ ಸಾಧ್ಯವಾಗುತ್ತಿತ್ತೆಂದು ಹೇಳಲು ಚರಿತ್ರೆಯಲ್ಲಿ ಆಧಾರವಿಲ್ಲ.

ಆದರೆ ಈ ಅಂಕೆಗಳ ನಡುವಣ ಅಂತರವನ್ನೂ ಓದಬೇಕು. ಕಲಿತು ಮುಗಿಸಿಯೂ ಪ್ರಮಾಣಪತ್ರವಿಲ್ಲದೆ ಉಳಿದವರು ೧.೬೨ ಕೋಟಿ ಜನ. ಎಂದರೆ ಕಲಿತ ನಾಲ್ವರಲ್ಲಿ ಒಬ್ಬರು. ನಿಯಮವನ್ನು ಅಕ್ಷರಶಃ ಅನ್ವಯಿಸಿದರೆ ಅವರಿಗೆ ಕಲಿಸಿದ ಶ್ರಮಕ್ಕೆ ಪ್ರತಿಫಲವಿಲ್ಲ; ಆ ಮೊತ್ತವು ೪೮೬ ಕೋಟಿ ರೂಪಾಯಿಯಾಗುತ್ತದೆ. ಇನ್ನು ಇಪ್ಪತ್ತು ಗಂಟೆಗೆ ಮುನ್ನೂರು ರೂಪಾಯಿಯೆಂದರೆ ಗಂಟೆಗೆ ಒಬ್ಬನಿಂದ ಹದಿನೈದು ರೂಪಾಯಿ. ಇದರಲ್ಲಿಯೇ ಬೋಧಕನ ಸಂಬಳ, ವಿದ್ಯುಚ್ಛಕ್ತಿ, ಯಂತ್ರದ ದುರಸ್ತಿ ಎಲ್ಲವೂ ನಡೆಯಬೇಕು. ಹತ್ತನೆಯ ತರಗತಿಯವರೆಗೆ ಓದಿದ ಹುಡುಗನು ಇಪ್ಪತ್ತು ಗಂಟೆಗಳಲ್ಲಿ ತೇರ್ಗಡೆಯಾಗಬಲ್ಲನು. ಅಕ್ಷರಗಳನ್ನು ಕೂಡಿಸಿ ಓದುವ ಐವತ್ತೈದು ವರ್ಷದ ಹೆಂಗಸಿಗೆ ನಲವತ್ತು ಗಂಟೆ ಬೇಕಾಗಬಹುದು, ಅರವತ್ತೂ ಬೇಕಾಗಬಹುದು. ಆಕೆಯ ತಲೆಗೂ ಮುನ್ನೂರೇ. ಕಲಿಸುವ ಸಂಸ್ಥೆಯು ಎಷ್ಟೇ ಧರ್ಮಬುದ್ಧಿಯುಳ್ಳದ್ದಾದರೂ ಲೆಕ್ಕವು ಅದನ್ನು ಹುಡುಗನ ಕಡೆಗೇ ಎಳೆಯುತ್ತದೆ. ಹೆಂಗಸರಿಗೂ ದಲಿತರಿಗೂ ಅಂಗವಿಕಲರಿಗೂ ಆದ್ಯತೆಯೆಂದು ಯೋಜನೆಯ ನಿಯಮಗಳು ಹೇಳಿದುದು ನಿಜ. ಆದರೆ ಆದ್ಯತೆಯು ಒಂದು ಕಲಮಿನಲ್ಲಿಯೂ ಹಣವು ಇನ್ನೊಂದು ಕಲಮಿನಲ್ಲಿಯೂ ಇದ್ದಾಗ ಎರಡನೆಯದೇ ಗೆಲ್ಲುವುದೆಂದು ೧೮೬೨ರ ತರುವಾಯದ ಇಂಗ್ಲೆಂಡಿನ ಶಾಲೆಗಳು ತೋರಿಸಿವೆ.

೬. ಉಪಸಂಹಾರ

ಮೇಲಿನ ವಿಚಾರದಿಂದ ತಿಳಿಯುವುದೇನೆಂದರೆ, ಮೂರು ಕ್ರಮಗಳಲ್ಲಿ ಒಂದೊಂದಕ್ಕೂ ಅದರದರ ಗುಣವಿದ್ದು, ಒಂದೊಂದೂ ಒಂದು ವರ್ಗದ ಜನರನ್ನು ಹೊರಗಿಡುತ್ತದೆ. ಸಮಪಾಲಿನ ಕ್ರಮವು ಬಡ ಊರನ್ನು ಬಿಡುತ್ತದೆ. ಫಲಾನುಸಾರವಾದ ಕ್ರಮವು ನಿಧಾನವಾಗಿ ಕಲಿಯುವವನನ್ನು ಬಿಡುತ್ತದೆ. ಅವಧಿಗೊಳಪಟ್ಟ ನಿರ್ವಹಣೆಯು ತಡವಾಗಿ ಬಂದವನನ್ನು ಬಿಡುತ್ತದೆ. ಗಣಕವಿದ್ಯೆಯ ವಿಷಯದಲ್ಲಿ ಈ ಮೂರನೆಯ ದೋಷವು ಹೆಚ್ಚು ಬಾಧಕ. ಒಮ್ಮೆ ಕಲಿತ ಅಕ್ಷರಗಳು ಬದಲಾಗುವುದಿಲ್ಲ; ಮೊಬೈಲಿನ ಮೂಲಕ ಹಣ ಕಳುಹಿಸುವ ರೀತಿಯೂ ಮೋಸಗಾರರ ರೀತಿಯೂ ವರ್ಷವರ್ಷಕ್ಕೆ ಬದಲಾಗುತ್ತವೆ. ೨೦೧೮ರಲ್ಲಿ ಪ್ರಮಾಣಪತ್ರ ಪಡೆದವನು ಇಂದು ಸಂದೇಹ ಬಂದರೆ ಕೇಳಲು ಹೋಗುವ ಜಾಗವೊಂದು ಊರಿನಲ್ಲಿ ಇರಬೇಕು.

ಅಂತಹ ಜಾಗಕ್ಕೆ ಬೇಕಾದ ಆಧಾರವು ಕರ್ಣಾಟಕದಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ. ೧೯೬೫ನೆಯ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಮನೆ ಮತ್ತು ನಿವೇಶನಗಳ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿತು. ಇಂಗ್ಲೆಂಡಿನ ೧೮೭೦ರ ಸ್ಥಳೀಯ ತೆರಿಗೆಗೆ ಸಮಾನವಾದ ಏರ್ಪಾಡು ಇದು. ೨೦೧೯ರಲ್ಲಿ ಐದು ಸಾವಿರದ ಆರುನೂರಕ್ಕೂ ಮಿಕ್ಕ ಗ್ರಾಮಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಅರಿವು ಕೇಂದ್ರಗಳೆಂಬ ಹೆಸರನ್ನು ತಳೆದವು. ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಅವುಗಳಲ್ಲಿ ಅನೇಕವು ಕಂಪ್ಯೂಟರುಗಳನ್ನು ಪಡೆದವು. ಸ್ಥಳವನ್ನು ತೆರಿಗೆಯ ಹಣದಿಂದ ಸ್ಥಿರವಾಗಿ ನಡೆಯಿಸಿ, ಅಲ್ಲಿ ಕಲಿಸುವ ಕಾರ್ಯಕ್ಕೆ ಮಾತ್ರ ಸಂಘಗಳಿಗೆ ಸಹಾಯದ್ರವ್ಯವನ್ನು ಕೊಟ್ಟು, ಕಲಿಯುವವನ ವಯಸ್ಸು ಮತ್ತು ಓದನ್ನು ನೋಡಿ ತಲೆಯ ದರವನ್ನು ಹೆಚ್ಚು ಕಡಿಮೆ ಮಾಡಿದರೆ, ಮೂರು ಕ್ರಮಗಳ ಗುಣವೂ ಒಂದೆಡೆ ಕೂಡುವುದಕ್ಕೆ ಅವಕಾಶವಿದೆ. ಇಂಗ್ಲೆಂಡು ಸಮಪಾಲಿನಿಂದ ಸ್ಥಳೀಯ ತೆರಿಗೆಗೆ ಬರಲು ಮೂವತ್ತೇಳು ವರ್ಷಗಳೂ, ಪರೀಕ್ಷೆಯ ಲೆಕ್ಕವನ್ನು ಬಿಡಲು ಸುಮಾರು ಮೂವತ್ತು ವರ್ಷಗಳೂ ಹಿಡಿದವು. ಅಷ್ಟು ಕಾಲದಲ್ಲಿ ಒಂದು ತಲೆಮಾರಿನ ಬಡ ಮಕ್ಕಳು ಶಾಲೆಯ ವಯಸ್ಸನ್ನು ದಾಟಿಹೋದರು. ಆ ಅನುಭವವು ಬರವಣಿಗೆಯಲ್ಲಿ ಉಳಿದಿರುವಾಗ ಅದನ್ನು ಮೊದಲಿನಿಂದ ಪಡೆಯಬೇಕಾದ ಅಗತ್ಯವು ತೋರುವುದಿಲ್ಲ.